ಕ್ವಾಂಟಂ ಬಲವಿಜ್ಞಾನವೂ ಗಣಕಯಂತ್ರವೂ

'ಕ್ವಾಂಟಂ' ಎಂಬುದು ಲ್ಯಾಟಿನ್ ಭಾಷೆಯ ಶಬ್ದ. 'ಎಷ್ಟು' ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಇದನ್ನು 'ಶಕಲ' ಎಂದು ಕರೆದವರುಂಟು. ಶಕಲವೆಂದರೆ ತುಣುಕು, ಚೂರು. ಅರ್ಥದೃಷ್ಟಿಯಿಂದ ಈ ಅನುವಾದವು ಸಾಧುವೇ ಆಗಿದ್ದರೂ ಲೋಕವು ಕ್ವಾಂಟಂ ಶಬ್ದವನ್ನೇ ಹಿಡಿದುಕೊಂಡಿರುವುದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ. ಶಬ್ದದ ವ್ಯುತ್ಪತ್ತಿಗಿಂತ ರೂಢಿಯೇ ಬಲವತ್ತರವೆಂಬುದು ವ್ಯಾಕರಣವನ್ನು ಓದಿದವರಿಗೆ ಹೊಸ ಮಾತಲ್ಲ.

ಕಮ್ಮಾರನ ಕುಲುಮೆಯಲ್ಲಿಟ್ಟ ಕಬ್ಬಿಣವು ಮೊದಲು ಕೆಂಪಾಗಿ, ಬಳಿಕ ಕಿತ್ತಳೆಯ ಬಣ್ಣಕ್ಕೆ ತಿರುಗಿ, ಕಾವು ಏರಿದಂತೆಲ್ಲ ಬೆಳ್ಳಗೆ ಬೆಳಗುವುದನ್ನು ಎಲ್ಲರೂ ಕಂಡಿದ್ದಾರೆ. ಇಂತಿಷ್ಟು ಕಾವಿಗೆ ಇಂತಹ ಬಣ್ಣವೇ ಏಕೆ ಹೊಮ್ಮಬೇಕು ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಭೌತಶಾಸ್ತ್ರವು ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಹೋಯಿತು. 1900ನೆಯ ಇಸವಿಯ ಡಿಸೆಂಬರ್ 14ರಂದು ಬರ್ಲಿನ್ ನಗರದ ವಿದ್ವತ್ಸಭೆಯಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ ಜರ್ಮನ್ ವಿಜ್ಞಾನಿಯು ಒಂದು ಊಹೆಯನ್ನು ಮುಂದಿಟ್ಟರು. ಶಕ್ತಿಯು ಎಣ್ಣೆಯ ಧಾರೆಯಂತೆ ಎಡೆಬಿಡದೆ ಹರಿಯುವುದಿಲ್ಲ. ಕಾಳುಕಾಳಾಗಿ ಸುರಿಯುತ್ತದೆ ಎಂಬುದೇ ಆ ಊಹೆ. ಒಂದೊಂದು ಕಾಳಿನ ಪ್ರಮಾಣವನ್ನು ನಿರ್ಧರಿಸುವ ಸಂಖ್ಯೆಗೆ ಈಗ ಪ್ಲಾಂಕ್ ಸ್ಥಿರಾಂಕವೆಂದು ಹೆಸರು. ನಮ್ಮ ನಿತ್ಯದ ಅಳತೆಯಲ್ಲಿ ಅದನ್ನು ಬರೆಯಬೇಕಾದರೆ ದಶಮಾಂಶ ಬಿಂದುವಿನ ಮುಂದೆ 33 ಸೊನ್ನೆಗಳನ್ನಿಟ್ಟು ಆಮೇಲೆ 6626 ಎಂದು ಬರೆಯಬೇಕು. ಇಷ್ಟು ಸೂಕ್ಷ್ಮವಾದುದರಿಂದಲೇ ಶಕ್ತಿಯ ಕಾಳುತನವು ಅಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಕಾಲು ಶತಮಾನದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1905ರಲ್ಲಿ ಐನ್‌ಸ್ಟೈನರು ಬೆಳಕೇ ಕಣಕಣವಾಗಿದೆಯೆಂದು ಸಾಧಿಸಿದರು. 1913ರಲ್ಲಿ ನೀಲ್ಸ್ ಬೋರ್ ಪರಮಾಣುವಿನ ರಚನೆಗೆ ಈ ತತ್ತ್ವವನ್ನು ಅನ್ವಯಿಸಿದರು. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವನ್ನು ಕಂಡುಹಿಡಿದು ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಲಾಗಿ, ಅವರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. 1925ರಲ್ಲಿ ಹೈಸೆನ್‌ಬರ್ಗ್, 1926ರಲ್ಲಿ ಶ್ರೋಡಿಂಗರ್ ಬೇರೆ ಬೇರೆ ಮಾರ್ಗಗಳಿಂದ ಈ ಶಾಸ್ತ್ರಕ್ಕೆ ಪೂರ್ಣವಾದ ಗಣಿತರೂಪವನ್ನು ಕೊಟ್ಟರು. ಹೈಸೆನ್‌ಬರ್ಗರ ಲೇಖನಕ್ಕೆ ನೂರು ವರ್ಷ ತುಂಬಿದ ನಿಮಿತ್ತ 2025ನೆಯ ವರ್ಷವನ್ನು ವಿಶ್ವಸಂಸ್ಥೆಯು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತ್ತು.

ಆದರೆ ಈ ಗಣಿತದ ಅರ್ಥವೇನು? ಶ್ರೋಡಿಂಗರರ ಸಮೀಕರಣದಲ್ಲಿ ಎಲೆಕ್ಟ್ರಾನು ಒಂದು ಅಲೆಯಾಗಿ ಹರಡಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಹಿಡಿದು ನೋಡಿದರೆ ಅದು ಒಂದೇ ಒಂದು ಚುಕ್ಕೆಯಾಗಿ ಸಿಕ್ಕುತ್ತದೆ. ಅಲೆಗೂ ಚುಕ್ಕೆಗೂ ಇರುವ ಸಂಬಂಧವನ್ನು 1926ರಲ್ಲಿ ವಿವರಿಸಿದವರು ಗಾಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನ್. ಅಲೆಯು ಸಮಸ್ಥಿತಿಯಿಂದ ಎಷ್ಟು ಮೇಲೇರುವುದೋ ಎಷ್ಟು ಕೆಳಗಿಳಿಯುವುದೋ ಆ ಪರಿಮಾಣಕ್ಕೆ 'ಪಾರ' ಎಂದು ಹೆಸರು. ಒಂದು ಸ್ಥಳದಲ್ಲಿ ಎಲೆಕ್ಟ್ರಾನು ಸಿಕ್ಕುವ ಸಂಭವನೀಯತೆಯು ಆ ಸ್ಥಳದಲ್ಲಿನ ಪಾರದ ವರ್ಗವನ್ನು ಅನುಸರಿಸುತ್ತದೆ ಎಂಬುದು ಬಾರ್ನರ ಸೂತ್ರ. ಸ್ವಾರಸ್ಯವೇನೆಂದರೆ ಅವರ ಲೇಖನದ ಮುಖ್ಯಭಾಗದಲ್ಲಿ ವರ್ಗದ ಮಾತೇ ಇರಲಿಲ್ಲ. ಅಚ್ಚಿನ ಕರಡನ್ನು ತಿದ್ದುವಾಗ ಅಡಿಟಿಪ್ಪಣಿಯಲ್ಲಿ ಆ ತಿದ್ದುಪಡಿಯನ್ನು ಸೇರಿಸಲಾಯಿತು. 1954ರಲ್ಲಿ ಬಾರ್ನರಿಗೆ ನೊಬೆಲ್ ಪಾರಿತೋಷಕವು ದೊರೆತುದು ಪ್ರಧಾನವಾಗಿ ಈ ಸಂಭವನೀಯತೆಯ ವ್ಯಾಖ್ಯಾನಕ್ಕೆ. ಕರಡು ತಿದ್ದುವ ಕೆಲಸವನ್ನು ಹಗುರವೆಂದು ಭಾವಿಸುವವರು ಇದನ್ನು ನೆನಪಿನಲ್ಲಿಡಬಹುದು.

ವರ್ಗ ಎಂಬ ಈ ಒಂದು ಮಾತಿನಲ್ಲಿ ಎಷ್ಟು ಅಡಗಿದೆಯೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಎರಡು ಬಾಗಿಲುಗಳಿರುವ ಗೋಡೆಯ ಆಚೆಗೆ ಒಂದು ಪರದೆ ಇದೆಯೆನ್ನಿ. ಮೊದಲನೆಯ ಬಾಗಿಲಿನ ಮೂಲಕ ಪರದೆಯ ಒಂದು ಬಿಂದುವಿಗೆ ಬರುವ ಪಾರವು 3, ಎರಡನೆಯ ಬಾಗಿಲಿನ ಮೂಲಕ ಬರುವುದೂ 3 ಎಂದಿಟ್ಟುಕೊಳ್ಳೋಣ. ಒಂದೊಂದೇ ಬಾಗಿಲು ತೆರೆದಿದ್ದರೆ ಸಂಭವನೀಯತೆಯು 9ರ ಪ್ರಮಾಣದಲ್ಲಿ ಇರುತ್ತದೆ. ಎರಡೂ ತೆರೆದರೆ ಅದು 18 ಆಗಬೇಕೆಂದು ಲೋಕಬುದ್ಧಿಯು ಹೇಳುತ್ತದೆ. ಆದರೆ ಮೊದಲು ಪಾರಗಳನ್ನು ಕೂಡಿಸಿ ಆಮೇಲೆ ವರ್ಗ ಮಾಡಬೇಕಾದುದರಿಂದ ಅದು 36 ಆಗುತ್ತದೆ. ಇನ್ನೊಂದು ಬಿಂದುವಿನಲ್ಲಿ ಒಂದರ ಪಾರವು 3, ಮತ್ತೊಂದರದು ಋಣ 3 ಆಗಿರಬಹುದು. ಅಲ್ಲಿ ಮೊತ್ತವೇ ಸೊನ್ನೆ. ಒಂದೊಂದೇ ಬಾಗಿಲು ತೆರೆದಾಗ ಕಣಗಳು ಬಂದು ಬೀಳುತ್ತಿದ್ದ ಸ್ಥಳದಲ್ಲಿ, ಎರಡೂ ಬಾಗಿಲುಗಳನ್ನು ತೆರೆದಾಗ ಒಂದು ಕಣವೂ ಬೀಳುವುದಿಲ್ಲ! ಇದಕ್ಕೆ ವ್ಯತಿಕರಣವೆಂದು ಹೆಸರು. 1989ರಲ್ಲಿ ಜಪಾನಿನ ಅಕಿರಾ ಟೊನೊಮುರಾ ಮತ್ತು ಅವರ ಸಹೋದ್ಯೋಗಿಗಳು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ಹಾದಿಗಳಿರುವ ಉಪಕರಣದ ಮೂಲಕ ಕಳುಹಿಸಿ ಇದನ್ನು ತೋರಿಸಿದರು. ಮೊದಮೊದಲು ಪರದೆಯ ಮೇಲೆ ಅಕ್ಕಿ ಚೆಲ್ಲಿದಂತೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಸಾವಿರಾರು ಚುಕ್ಕೆಗಳು ಸೇರಿದ ಮೇಲೆ ಸ್ಪಷ್ಟವಾದ ಪಟ್ಟೆಗಳು. ಒಂದು ಎಲೆಕ್ಟ್ರಾನು ಇನ್ನೊಂದರೊಡನೆ ಕಲೆಯುವ ಅವಕಾಶವೇ ಅಲ್ಲಿರಲಿಲ್ಲ. ಆದಕಾರಣ ಒಂದೊಂದರಲ್ಲಿಯೂ ಎರಡು ಹಾದಿಗಳ ಪಾರಗಳು ಕೂಡಿಕೊಂಡವೆಂದೇ ಹೇಳಬೇಕು. ಅದು ಯಾವ ಹಾದಿಯಲ್ಲಿ ಹೋಯಿತೆಂಬುದನ್ನು ಪತ್ತೆಮಾಡುವ ಏರ್ಪಾಡು ಮಾಡಿದೊಡನೆ ಪಟ್ಟೆಗಳು ಮಾಯವಾಗುತ್ತವೆ.

ಈ ಸೂತ್ರವನ್ನು ಕೊಟ್ಟ ಬಾರ್ನರು ಬೆಂಗಳೂರಿನಲ್ಲಿ ಕೆಲವು ಕಾಲ ವಾಸವಾಗಿದ್ದರೆಂಬ ಸಂಗತಿಯು ಎಲ್ಲರಿಗೂ ತಿಳಿದಂತಿಲ್ಲ. ಯೆಹೂದ್ಯ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಅಧಿಕಾರ ಕಳೆದುಕೊಂಡ ಅವರು ಇಂಗ್ಲೆಂಡಿಗೆ ಹೋದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಅವರ ಆಹ್ವಾನದಂತೆ ಬಾರ್ನರು 1935ರ ಕೊನೆಯಲ್ಲಿ ಇಲ್ಲಿಗೆ ಬಂದು 1936ರವರೆಗೆ ಸುಮಾರು ಆರು ತಿಂಗಳು ಪಾಠ ಪ್ರವಚನಗಳನ್ನು ನಡೆಸಿದರು, ಎನ್. ಎಸ್. ನಾಗೇಂದ್ರನಾಥರೊಡನೆ ಕೂಡಿ ಲೇಖನಗಳನ್ನು ಬರೆದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಬೇಕೆಂದು ರಾಮನ್ ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ. ಬಾರ್ನರು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಇಲ್ಲಿಯೇ ನಿಂತಿದ್ದರೆ ಏನಾಗುತ್ತಿತ್ತೆಂದು ಈಗ ಚಿಂತಿಸಿ ಫಲವಿಲ್ಲ. ಆದರೂ ಚಿಂತಿಸದೆ ಇರಲು ಮನಸ್ಸು ಒಪ್ಪುವುದಿಲ್ಲ.

ಕ್ವಾಂಟಂ ಶಾಸ್ತ್ರವು ಕೇವಲ ಪಂಡಿತರ ಜಿಜ್ಞಾಸೆಯೆಂದು ಭಾವಿಸುವುದು ತಪ್ಪಾಗುತ್ತದೆ. 1947ರ ಟ್ರಾನ್ಸಿಸ್ಟರು, 1960ರ ಲೇಸರು, ಆಸ್ಪತ್ರೆಗಳಲ್ಲಿ ದೇಹದ ಒಳಭಾಗವನ್ನು ಚಿತ್ರಿಸುವ ಎಂ. ಆರ್. ಐ. ಯಂತ್ರ, ಕಾಲವನ್ನು ಅಳೆಯುವ ಪರಮಾಣು ಗಡಿಯಾರ, ಇವೆಲ್ಲ ಅದರ ಫಲಗಳೇ. ಜೇಬಿನಲ್ಲಿರುವ ಮೊಬೈಲ್ ದೂರವಾಣಿಯಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರುಗಳಿವೆ. ಆದರೆ ಈ ಸಾಧನಗಳು ಕ್ವಾಂಟಂ ನಿಯಮದಿಂದ ಹುಟ್ಟಿದರೂ ಲೆಕ್ಕ ಮಾಡುವಾಗ ಹಳೆಯ ಕ್ರಮದಲ್ಲಿಯೇ ಮಾಡುತ್ತವೆ. ಲೆಕ್ಕದ ಕ್ರಮವೇ ಕ್ವಾಂಟಂ ಆದರೆ ಹೇಗೆ? 1981ರಲ್ಲಿ ಅಮೆರಿಕದ ರಿಚರ್ಡ್ ಫೈನ್‌ಮನ್ ಈ ಪ್ರಶ್ನೆಯನ್ನು ಎತ್ತಿದರು. ನಿಸರ್ಗವು ಕ್ವಾಂಟಂ ನಿಯಮದಂತೆ ನಡೆಯುವಾಗ ಅದನ್ನು ಅನುಕರಿಸುವ ಯಂತ್ರವೂ ಅದೇ ನಿಯಮದಂತೆ ನಡೆಯುವುದು ಯುಕ್ತವೆಂಬುದು ಅವರ ವಾದ. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಅಂತಹ ಯಂತ್ರದ ತಾತ್ತ್ವಿಕ ಸ್ವರೂಪವನ್ನು ನಿರೂಪಿಸಿದರು.

ಇದನ್ನು ಗ್ರಹಿಸಲು ಕನ್ನಡದ ವಿದ್ಯಾರ್ಥಿಗೆ ಒಂದು ಸುಲಭೋಪಾಯವುಂಟು. ಛಂದಸ್ಸಿನಲ್ಲಿ ಅಕ್ಷರವು ಲಘು ಅಥವಾ ಗುರು, ಮೂರನೆಯದಿಲ್ಲ. ಸಾಮಾನ್ಯ ಗಣಕಯಂತ್ರದ 'ಬಿಟ್' ಎಂಬುದೂ ಇಷ್ಟೇ; ಸೊನ್ನೆ ಅಥವಾ ಒಂದು. ಒಂದು ಅಕ್ಷರಕ್ಕೆ 2 ರೂಪ, ಎರಡು ಅಕ್ಷರಗಳಿಗೆ 4, ಮೂರು ಅಕ್ಷರಗಳಿಗೆ 8. ಈ ಎಂಟೇ ಯಗಣ ಮಗಣಾದಿ ಅಷ್ಟಗಣಗಳು. ಹೀಗೆ ಸಕಲ ರೂಪಗಳನ್ನೂ ಸಾಲಾಗಿ ಬರೆದು ತೋರಿಸುವುದಕ್ಕೆ ಪ್ರಸ್ತಾರವೆಂದು ಹೆಸರು. ಉತ್ಪಲಮಾಲಾವೃತ್ತದ ಒಂದು ಪಾದಕ್ಕೆ 20 ಅಕ್ಷರಗಳು. 20 ಅಕ್ಷರಗಳ ಪ್ರಸ್ತಾರವನ್ನು ಬರೆದರೆ 10,48,576 ಸಾಲುಗಳಾಗುತ್ತವೆ. ಉತ್ಪಲಮಾಲೆಯು ಅವುಗಳಲ್ಲಿ ಒಂದು ಸಾಲು ಮಾತ್ರ. 20 ಬಿಟ್ಟುಗಳ ಸಾಮಾನ್ಯ ಯಂತ್ರವು ಒಂದು ಕ್ಷಣದಲ್ಲಿ ಇಂತಹ ಒಂದೇ ಸಾಲನ್ನು ಹಿಡಿದಿರುತ್ತದೆ. ಕ್ವಾಂಟಂ ಯಂತ್ರದ ಬಿಟ್ಟಿಗೆ 'ಕ್ಯೂಬಿಟ್' ಎನ್ನುತ್ತಾರೆ. 20 ಕ್ಯೂಬಿಟ್ಟುಗಳ ಸ್ಥಿತಿಯನ್ನು ವರ್ಣಿಸಬೇಕಾದರೆ ಪ್ರಸ್ತಾರದ ಅಷ್ಟೂ ಸಾಲುಗಳ ಮುಂದೆ ಒಂದೊಂದು ಪಾರವನ್ನು ಬರೆಯಬೇಕು. ಕ್ಯೂಬಿಟ್ಟುಗಳು 300 ಆದರೆ, ಕಣ್ಣಿಗೂ ಉಪಕರಣಕ್ಕೂ ಗೋಚರವಾಗುವ ವಿಶ್ವದಲ್ಲಿರುವ ಪರಮಾಣುಗಳ ಅಂದಾಜು ಸಂಖ್ಯೆಯನ್ನೂ ಆ ಪ್ರಸ್ತಾರವು ಮೀರುತ್ತದೆ. ಈ ಪಾರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದು ಕ್ಯೂಬಿಟ್ಟಿನ ವರ್ಣನೆಯನ್ನು ಮಿಕ್ಕವುಗಳಿಂದ ಬಿಡಿಸಿ ಹೇಳಲಾಗುವುದಿಲ್ಲ. ಇಂತಹ ಹೆಣಿಗೆಯು ಪ್ರಕೃತಿಯಲ್ಲಿ ನಿಜವಾಗಿಯೂ ಉಂಟೆಂಬುದನ್ನು ಪ್ರಯೋಗದಿಂದ ತೋರಿಸಿದ ಕ್ಲೌಸರ್, ಆಸ್ಪೆ, ಜೈಲಿಂಗರ್ ಎಂಬ ಮೂವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. (ಪ್ರಸ್ತಾರವನ್ನು ಇಲ್ಲಿ ಉದಾಹರಿಸಿದ ಮಾತ್ರಕ್ಕೆ ನಮ್ಮ ಛಂದಶ್ಶಾಸ್ತ್ರಕಾರರು ಕ್ವಾಂಟಂ ತತ್ತ್ವವನ್ನು ಬಲ್ಲವರಾಗಿದ್ದರೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ಅವರು ಬಲ್ಲದ್ದು ಎಣಿಕೆಯನ್ನು. ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು.)

ಇಲ್ಲಿಯೇ ಒಂದು ದೊಡ್ಡ ಭ್ರಾಂತಿಯು ಹುಟ್ಟಿಕೊಂಡಿದೆ. ಕ್ವಾಂಟಂ ಗಣಕವು ಎಲ್ಲ ಉತ್ತರಗಳನ್ನೂ ಏಕಕಾಲದಲ್ಲಿ ಪರೀಕ್ಷಿಸಿ ಸರಿಯಾದುದನ್ನು ಹೊರಗಿಡುತ್ತದೆಯೆಂದು ವೃತ್ತಪತ್ರಿಕೆಗಳಲ್ಲಿ ಪದೇಪದೇ ಬರೆಯುತ್ತಾರೆ. ಅದು ಹಾಗಲ್ಲ. ಬಾರ್ನರ ಸೂತ್ರವನ್ನು ಸ್ಮರಿಸಿಕೊಳ್ಳಬೇಕು. ಪ್ರಸ್ತಾರವು ಎಷ್ಟೇ ವಿಸ್ತಾರವಾಗಿರಲಿ, ತೆರೆದು ನೋಡಿದಾಗ ಸಿಕ್ಕುವುದು ಒಂದೇ ಸಾಲು. ಅದು ಯಾವ ಸಾಲೆಂಬುದನ್ನು ಪಾರದ ವರ್ಗವು ಸಂಭವನೀಯತೆಯಾಗಿ ನಿರ್ಧರಿಸುತ್ತದೆ. ಉಳಿದ ಸಾಲುಗಳು ಅಲ್ಲಿಗೆ ಅಳಿದುಹೋಗುತ್ತವೆ. ಎಲ್ಲ ಪಾರಗಳೂ ಸಮನಾಗಿದ್ದರೆ ಚೀಟಿ ಎತ್ತಿದಂತೆ ಯಾವುದೋ ಒಂದು ಉತ್ತರ ಬರುವುದೇ ಹೊರತು ಪ್ರಯೋಜನವಿಲ್ಲ. ಕೆಲವರು ಈ ಸ್ಥಿತಿಯನ್ನು ಕಾವ್ಯದ ಶ್ಲೇಷೆಗೆ ಹೋಲಿಸುವುದುಂಟು. ಹೋಲಿಕೆಯು ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. ಶ್ಲೇಷೆಯಲ್ಲಿ ಎರಡು ಅರ್ಥಗಳೂ ಸಹೃದಯನ ಕೈಗೆ ಸಿಕ್ಕುತ್ತವೆ. ಒಂದು ಮತ್ತೊಂದನ್ನು ಕೊಲ್ಲುವುದಿಲ್ಲ. ಇಲ್ಲಿಯಾದರೋ ಕೈಗೆ ಸಿಕ್ಕುವುದು ಒಂದೇ, ಮತ್ತು ನೋಡುವುದಕ್ಕೆ ಮೊದಲೇ ಅವು ಪರಸ್ಪರ ಕೂಡಬಲ್ಲವು, ಕಳೆಯಬಲ್ಲವು. ಈ ಕೂಡುವ ಕಳೆಯುವ ಗುಣವೇ ಕ್ವಾಂಟಂ ಗಣಕದ ಜೀವಾಳ. ತಪ್ಪು ಉತ್ತರಗಳ ಪಾರಗಳು ಧನ ಋಣಗಳಾಗಿ ಒಂದನ್ನೊಂದು ಅಳಿಸಿಹಾಕುವಂತೆಯೂ, ಸರಿಯಾದ ಉತ್ತರದ ಪಾರಗಳು ಕೂಡಿ ಬೆಳೆಯುವಂತೆಯೂ ಮೊದಲೇ ಯುಕ್ತಿಯನ್ನು ಹೂಡಬೇಕು. ಆಮೇಲೆ ತೆರೆದು ನೋಡಬೇಕು. ಎಲ್ಲ ಸಮಸ್ಯೆಗಳಿಗೂ ಇಂತಹ ಯುಕ್ತಿಯು ದೊರೆಯುವುದಿಲ್ಲ. ದೊರೆತಿರುವುದು ಕೆಲವಕ್ಕೆ ಮಾತ್ರ.

ಅವುಗಳಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ ಯುಕ್ತಿಯನ್ನು 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞರು ಕಂಡುಹಿಡಿದರು. ಬ್ಯಾಂಕಿನ ವ್ಯವಹಾರ, ಸರ್ಕಾರಿ ಪತ್ರವ್ಯವಹಾರ ಮೊದಲಾದವುಗಳ ಗೋಪ್ಯಲಿಪಿಯು ಬಹುಪಾಲು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಕ್ರಮವನ್ನೂ ಅದರ ಬಂಧುಗಳನ್ನೂ ಅವಲಂಬಿಸಿ ಬೆಳೆದಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕೊಟ್ಟು ಮೂಲ ಸಂಖ್ಯೆಗಳನ್ನು ಹುಡುಕೆಂದರೆ ಕಷ್ಟ. ಗುಣಲಬ್ಧವು 600ಕ್ಕೂ ಮಿಕ್ಕ ಅಂಕಿಗಳುಳ್ಳದ್ದಾದರೆ ಇಂದಿನ ಯಂತ್ರಗಳಿಗೆ ಅದು ಅಸಾಧ್ಯವೆಂದೇ ಹೇಳಬಹುದು. ಶೋರರ ಯುಕ್ತಿಯನ್ನು 15 ಎಂಬ ಸಣ್ಣ ಸಂಖ್ಯೆಯಿಂದ ವಿವರಿಸಬಹುದು. 1ರಿಂದ ಆರಂಭಿಸಿ ಮತ್ತೆ ಮತ್ತೆ 7ರಿಂದ ಗುಣಿಸುತ್ತ, ಪ್ರತಿ ಸಲವೂ 15ರಿಂದ ಭಾಗಿಸಿ ಶೇಷವನ್ನು ಬರೆದುಕೊಳ್ಳಿ. 1, 7, 4, 13, ಮತ್ತೆ 1, 7, 4, 13. ನಾಲ್ಕಕ್ಕೊಮ್ಮೆ ಮರಳಿ ಬರುವ ಇದು ತಾಳದ ಆವರ್ತದಂತೆ. ಆವರ್ತವು 4 ಎಂದು ತಿಳಿದರೆ ಅದರ ಅರ್ಧ 2. 7ರ ವರ್ಗ 49. ಅದಕ್ಕಿಂತ ಒಂದು ಕಡಿಮೆ 48, ಒಂದು ಹೆಚ್ಚು 50. 48ಕ್ಕೂ 15ಕ್ಕೂ ಮಹತ್ತಮ ಸಾಮಾನ್ಯ ಅಪವರ್ತನವು 3; 50ಕ್ಕೂ 15ಕ್ಕೂ 5. ಮೂರೈದಲ ಹದಿನೈದು! ದೊಡ್ಡ ಸಂಖ್ಯೆಗಳಲ್ಲಿ ಕಷ್ಟವಿರುವುದು ಆವರ್ತವನ್ನು ಕಂಡುಹಿಡಿಯುವುದರಲ್ಲಿ. ತಾಳದ ಯಾವ ಪೆಟ್ಟಿನಿಂದ ಎಣಿಸತೊಡಗಿದರೂ ಆವರ್ತದ ಅಳತೆ ಒಂದೇ ಅಲ್ಲವೆ? ಆವರ್ತಕ್ಕೆ ಹೊಂದದ ಸಾಲುಗಳ ಪಾರಗಳೆಲ್ಲ ಪರಸ್ಪರ ಅಳಿದು, ಹೊಂದುವವು ಮಾತ್ರ ಉಳಿಯುವಂತೆ ಶೋರರು ವ್ಯತಿಕರಣವನ್ನು ಏರ್ಪಡಿಸಿದರು. 2001ರಲ್ಲಿ ಐ. ಬಿ. ಎಂ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ 7 ಕ್ಯೂಬಿಟ್ಟುಗಳಂತೆ ವರ್ತಿಸುವ ಒಂದು ಅಣುವಿನಿಂದ ಈ 15ರ ಲೆಕ್ಕವನ್ನೇ ಮಾಡಿ ತೋರಿಸಲಾಯಿತು. ಪ್ರಾಥಮಿಕ ಶಾಲೆಯ ಬಾಲಕನು ಬಾಯಿಲೆಕ್ಕದಿಂದ ಹೇಳುವುದಕ್ಕೆ ಇಷ್ಟೆಲ್ಲ ಸಂಭ್ರಮವೇ ಎಂದು ನಕ್ಕವರುಂಟು. ಆದರೆ ಅಲ್ಲಿ ಮುಖ್ಯವಾದುದು ಉತ್ತರವಲ್ಲ, ದಾರಿ.

ಒಂದೆಡೆ ಗೋಪ್ಯವನ್ನು ಒಡೆಯುವ ಈ ಶಾಸ್ತ್ರವೇ ಇನ್ನೊಂದೆಡೆ ಗೋಪ್ಯವನ್ನು ಕಾಯುವ ಉಪಾಯವನ್ನೂ ಕೊಟ್ಟಿದೆ. ಅದು ಲೋಕಕ್ಕೆ ಪರಿಚಯವಾದುದು ಶೋರರಿಗಿಂತ ಹತ್ತು ವರ್ಷ ಮೊದಲು, ನಮ್ಮ ಬೆಂಗಳೂರಿನಲ್ಲಿ! 1984ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಗಣಕಯಂತ್ರಗಳ ಅಂತರರಾಷ್ಟ್ರೀಯ ಸಮ್ಮೇಳನದ ಗ್ರಂಥದಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ಡ್ ಎಂಬಿಬ್ಬರ ಐದು ಪುಟಗಳ ಲೇಖನವು ಅಚ್ಚಾಯಿತು. ಇಂದಿಗೂ ಜಗತ್ತಿನಾದ್ಯಂತ ಆ ಕ್ರಮವನ್ನು ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ವರ್ಷವನ್ನೂ ಸೇರಿಸಿ 'ಬಿಬಿ84' ಎಂದು ಕರೆಯುತ್ತಾರೆ. ಅದರ ಮರ್ಮವಿಷ್ಟು. ಕಳುಹಿಸುವವನು ಬೆಳಕಿನ ಕಣಗಳನ್ನು ಒಂದೊಂದಾಗಿ ಕಳುಹಿಸುತ್ತಾನೆ. ಕೆಲವನ್ನು ನೆಟ್ಟಗೆ ಇಲ್ಲವೆ ಅಡ್ಡಲಾಗಿ, ಕೆಲವನ್ನು ಎಡಕ್ಕೆ ಇಲ್ಲವೆ ಬಲಕ್ಕೆ ಓರೆಯಾಗಿ ಧ್ರುವೀಕರಿಸಿರುತ್ತಾನೆ. ಪಡೆಯುವವನು ಪ್ರತಿಯೊಂದು ಕಣವನ್ನೂ ತನಗೆ ತೋರಿದಂತೆ ನೆಟ್ಟ ಅಡ್ಡ ಕ್ರಮದಲ್ಲಿಯೋ ಓರೆಯ ಕ್ರಮದಲ್ಲಿಯೋ ಅಳೆಯುತ್ತಾನೆ. ಬಳಿಕ ಇಬ್ಬರೂ ಯಾವ ಕಣಕ್ಕೆ ಯಾವ ಕ್ರಮವೆಂಬುದನ್ನು ಬಹಿರಂಗವಾಗಿ ಹೇಳಿಕೊಂಡು, ಕ್ರಮವು ಹೊಂದಿದವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅವೇ ಬೀಗದ ಕೈ. ನಡುವೆ ಕಳ್ಳನೊಬ್ಬನು ಕಣವನ್ನು ಹಿಡಿದು ಅಳೆದು ಮತ್ತೆ ಕಳುಹಿಸಿದನೆನ್ನಿ. ಸರಿಯಾದ ಕ್ರಮವು ಅವನಿಗೆ ಗೊತ್ತಿಲ್ಲ. ಅರ್ಧದಷ್ಟು ಸಲ ತಪ್ಪು ಕ್ರಮದಲ್ಲಿ ಅಳೆಯುತ್ತಾನೆ. ಅಳೆದೊಡನೆ ಕಣದ ಸ್ಥಿತಿಯೇ ಬದಲಾಗುತ್ತದೆ. ಉಳಿಸಿಕೊಂಡ ಕಣಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ತಾಳೆಯಾಗದೆ ಕಳ್ಳತನವು ಬಯಲಾಗುತ್ತದೆ. ನೋಡಿದರೆ ಕೆಡುತ್ತದೆ ಎಂಬ ಯಾವ ನಿಯಮವು ಗಣಕವನ್ನು ರಚಿಸುವವನಿಗೆ ಕಂಟಕವಾಗಿದೆಯೋ ಅದೇ ಇಲ್ಲಿ ಕಾವಲುಗಾರನಾಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು 2021ರಲ್ಲಿ ಅಹಮದಾಬಾದಿನಲ್ಲಿ 300 ಮೀಟರ್ ದೂರದ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿಯೇ ಬೆಳಕಿನ ಕಣಗಳಿಂದ ಇಂತಹ ಗೋಪ್ಯಸಂವಹನವನ್ನು ನಡೆಸಿ ತೋರಿಸಿತು.

ಇಷ್ಟಾದರೂ ದೊಡ್ಡ ಕ್ವಾಂಟಂ ಗಣಕವು ಏಕೆ ಸಿದ್ಧವಾಗಿಲ್ಲ? ಕ್ಯೂಬಿಟ್ಟು ಅತಿ ಸುಕುಮಾರವಾದುದು. ಸುತ್ತಲಿನ ಕಾವು, ಕಂಪನ, ಅಲೆದಾಡುವ ವಿದ್ಯುತ್ ಯಾವುದು ಸೋಂಕಿದರೂ ಅದು 'ನೋಡಿದಂತೆ' ಆಗಿ ಪಾರಗಳು ಕಲಸಿಹೋಗುತ್ತವೆ. ಆದ್ದರಿಂದ ಅತಿವಾಹಕ ಲೋಹದ ಕ್ಯೂಬಿಟ್ಟುಗಳನ್ನು ನಿರಪೇಕ್ಷ ಶೂನ್ಯದ, ಅಂದರೆ ಋಣ 273.15 ಡಿಗ್ರಿಯ, ಅತ್ಯಂತ ಸಮೀಪಕ್ಕೆ ತಣಿಸಿ ಇಡಬೇಕಾಗುತ್ತದೆ. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡದಾದ ವಿದ್ಯುನ್ಮಂಡಲವೂ ಕ್ವಾಂಟಂ ನಿಯಮವನ್ನು ಪಾಲಿಸಬಲ್ಲದೆಂದು 1984-85ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೋರಿಸಿದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಎಂಬವರಿಗೆ 2025ರ ನೊಬೆಲ್ ಪಾರಿತೋಷಕವು ಸಂದಿತು. 2019ರಲ್ಲಿ ಗೂಗಲ್ ಸಂಸ್ಥೆಯು ತನ್ನ 53 ಕ್ಯೂಬಿಟ್ಟುಗಳ ಯಂತ್ರವು 200 ಸೆಕೆಂಡುಗಳಲ್ಲಿ ಮಾಡಿದ ಲೆಕ್ಕಕ್ಕೆ ಮಹಾಗಣಕಕ್ಕೆ 10,000 ವರ್ಷ ಬೇಕೆಂದು ಸಾರಿತು. ಎರಡೂವರೆ ದಿನ ಸಾಕೆಂದು ಐ. ಬಿ. ಎಂ. ಪ್ರತಿವಾದ ಹೂಡಿತು. ವ್ಯಾಪಾರಸ್ಥರ ಘೋಷಣೆಗಳನ್ನು ಹೇಗೆ ಓದಬೇಕೆಂಬುದಕ್ಕೆ ಇದು ತಕ್ಕ ನಿದರ್ಶನ. ಇದಕ್ಕಿಂತ ಗಟ್ಟಿಯಾದ ಹೆಜ್ಜೆಯೆಂದರೆ ದೋಷನಿವಾರಣೆಯದು. ಒಂದು ಕ್ಯೂಬಿಟ್ಟಿನ ವಿಷಯವನ್ನು ಅನೇಕ ಕ್ಯೂಬಿಟ್ಟುಗಳಲ್ಲಿ ಹೆಣೆದಿಟ್ಟು, ವಿಷಯವನ್ನು ನೋಡದೆ ದೋಷವನ್ನು ಮಾತ್ರ ಪತ್ತೆಮಾಡಿ ತಿದ್ದುವ ಈ ವಿದ್ಯೆಯನ್ನು 1995ರಲ್ಲಿ ತೋರಿಸಿಕೊಟ್ಟವರೂ ಶೋರರೇ. ಕ್ಯೂಬಿಟ್ಟುಗಳನ್ನು ಹೆಚ್ಚಿಸಿದಂತೆ ದೋಷವು ಹೆಚ್ಚದೆ ಕಡಿಮೆಯಾಗುವುದನ್ನು 2024ರಲ್ಲಿ 105 ಕ್ಯೂಬಿಟ್ಟುಗಳ ಯಂತ್ರವೊಂದರಲ್ಲಿ ಕಾಣಲಾಯಿತು. ಇಂದಿನ ಗೋಪ್ಯಲಿಪಿಯನ್ನು ಒಡೆಯಲು ಸುಮಾರು 2 ಕೋಟಿ ಕ್ಯೂಬಿಟ್ಟುಗಳು ಬೇಕೆಂದು 2019ರಲ್ಲಿ ಅಂದಾಜು ಮಾಡಿದ್ದರು. 2025ರ ಅಂದಾಜಿನಲ್ಲಿ ಅದು 10 ಲಕ್ಷಕ್ಕಿಂತ ಕೆಳಗಿಳಿಯಿತು. ಯಂತ್ರವು ಇನ್ನೂ ದೂರವೇ. ಆದರೆ ಇಂದು ಕದ್ದು ಕೂಡಿಟ್ಟ ಪತ್ರಗಳನ್ನು ಮುಂದೊಂದು ದಿನ ಒಡೆದು ಓದುವವರಿಗೆ ಆತುರವೇನೂ ಇಲ್ಲ. ಈ ಭಯದಿಂದಲೇ 2024ರ ಆಗಸ್ಟಿನಲ್ಲಿ ಅಮೆರಿಕದ ಪ್ರಮಾಣಸಂಸ್ಥೆಯು ಕ್ವಾಂಟಂ ಗಣಕಕ್ಕೂ ಬಗ್ಗದ ಮೂರು ಹೊಸ ಗೋಪ್ಯಕ್ರಮಗಳನ್ನು ಪ್ರಕಟಿಸಿತು.

ಗೋಪ್ಯಲಿಪಿಯ ಗದ್ದಲದಲ್ಲಿ ಫೈನ್‌ಮನ್ನರ ಮೂಲ ಆಶಯವು ಮರೆಯಾಗಬಾರದು. ತೊಗರಿ, ಅವರೆ, ಶೇಂಗಾ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹೊಲದ ಸಹಜವಾದ ಕಾವಿನಲ್ಲಿಯೇ ಗೊಬ್ಬರವಾಗಿ ಮಾರ್ಪಡಿಸುತ್ತವೆ. ಅದೇ ಕೆಲಸಕ್ಕೆ ಕಾರ್ಖಾನೆಯಲ್ಲಿ 400 ಡಿಗ್ರಿಗೂ ಮಿಕ್ಕ ಕಾವು, ವಾಯುಮಂಡಲದ ನೂರಾರು ಪಟ್ಟು ಒತ್ತಡ ಬೇಕು. ಜೀವಿಯು ಬಳಸುವ ಕಬ್ಬಿಣ ಮಾಲಿಬ್ಡಿನಂಗಳ ಪುಟ್ಟ ಗೊಂಚಲಿನಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆಂಬುದನ್ನು ಕರಾರುವಾಕ್ಕಾಗಿ ಲೆಕ್ಕಹಾಕಲು ಹೋದರೆ ಮತ್ತದೇ ಪ್ರಸ್ತಾರವು ಸಾಮಾನ್ಯ ಗಣಕವನ್ನು ಮುಳುಗಿಸುತ್ತದೆ. ಕ್ವಾಂಟಂ ಗಣಕದಿಂದ ರೈತನಿಗೆ ಏನಾದರೂ ಲಾಭವಾಗುವುದಾದರೆ ಅದು ಈ ದಿಕ್ಕಿನಿಂದ ಬರಬೇಕು. ಇನ್ನು ಭೌತಶಾಸ್ತ್ರದ ಸಂಶೋಧನೆಯಲ್ಲಂತೂ ಕ್ವಾಂಟಂ ಕೌಶಲವು ಈಗಾಗಲೇ ಕೆಲಸಕ್ಕೆ ನಿಂತಿದೆ. ದೂರದ ಕಪ್ಪುರಂಧ್ರಗಳ ಡಿಕ್ಕಿಯಿಂದ ಏಳುವ ಗುರುತ್ವದ ಅಲೆಗಳನ್ನು 2015ರಲ್ಲಿ ಮೊದಲು ಹಿಡಿದ ಅಮೆರಿಕದ ಲೈಗೋ ವೀಕ್ಷಣಾಲಯಗಳಲ್ಲಿ, ಬೆಳಕಿನ ಕ್ವಾಂಟಂ ಅಲುಗಾಟವನ್ನು ಬೇಕಾದೆಡೆ ಅದುಮಿ ಬೇಡವಾದೆಡೆಗೆ ತಳ್ಳುವ ಉಪಾಯವನ್ನು 2019ರಿಂದ ಬಳಸುತ್ತಿದ್ದಾರೆ.

ನಮ್ಮ ದೇಶದಲ್ಲಿ ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆ ನೀಡಿತು. ಎಂಟು ವರ್ಷಗಳಲ್ಲಿ 50ರಿಂದ 1000 ಕ್ಯೂಬಿಟ್ಟುಗಳ ಯಂತ್ರಗಳನ್ನು ಹಂತಹಂತವಾಗಿ ನಿರ್ಮಿಸುವುದು ಅದರ ಗುರಿಗಳಲ್ಲೊಂದು. ಯೋಜನೆಯ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಗಣಕದ ಕೇಂದ್ರವನ್ನು ವಹಿಸಿಕೊಂಡಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ. ಊರಿನ ಹಿರಿಯರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಬಾರ್ನರು ಆರು ತಿಂಗಳು ಪಾಠ ಹೇಳಿದ್ದು ಅಲ್ಲಿಯೇ.